ಹಳೆಯ ಇಗರ್ಜಿಯ ರಿಪೇರಿಗೆ ಕೈಹಾಕುವ ಮೊದಲು

ಇಗರ್ಜಿಗೆ ನೂರೋ ನೂರೈವತ್ತೋ ವರ್ಷ ತುಂಬುವ ಹೊತ್ತಿಗೆ ಪಾಲನಾ ಸಮಿತಿಯ ಸಭೆಯಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಪಟ್ಟಿ ಮೇಜಿನ ಮೇಲೆ ಬೀಳುತ್ತದೆ: ಗೋಡೆಗೆ ಸಿಮೆಂಟ್ ಸಾರಣೆ, ನೆಲಕ್ಕೆ ಗ್ರಾನೈಟ್, ಮಾಡಿಗೆ (ಛಾವಣಿಗೆ) ತಗಡು, ಪ್ರತಿಮೆಗಳಿಗೆ ಹೊಸ ಬಣ್ಣ, ಬಲಿಪೀಠದ ಹಿಂದೆ ಬಣ್ಣಬಣ್ಣದ ಲೈಟು. ಗಲ್ಫಿನಲ್ಲಿರುವ ಊರವರು ಧಾರಾಳವಾಗಿ ಕೊಡುತ್ತಾರೆ. ಹಬ್ಬದೊಳಗೆ ಮುಗಿಸಿಕೊಡುತ್ತೇನೆ ಎಂದು ಕಂಟ್ರಾಕ್ಟರ್ ಮಾತು ಕೊಡುತ್ತಾನೆ. ಕರಾವಳಿಯ ಹಳೆಯ ಚರ್ಚುಗಳಿಗೆ ನೂರು ಮಳೆಗಾಲ ಮಾಡದ ಹಾನಿಯನ್ನು ಜೂಬಿಲಿಯ ಒಂದು ಬೇಸಿಗೆ ಮಾಡಿಬಿಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಟ್ಟವರದ್ದಾಗಲಿ ಮಾಡಿದವರದ್ದಾಗಲಿ ಭಕ್ತಿಯಲ್ಲಿ ಕೊರತೆಯಿಲ್ಲ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ಹೇಳುವವರು ಸಭೆಯಲ್ಲಿ ಇರುವುದಿಲ್ಲ, ಅಷ್ಟೆ.

ಈ ಬರಹ ಆ ಸಭೆಯಲ್ಲಿ ಕೂರುವ ವಿಗಾರರಿಗೆ (ಇಗರ್ಜಿಯ ಮುಖ್ಯ ಗುರುಗಳಿಗೆ), ಸಮಿತಿಯ ಸದಸ್ಯರಿಗೆ, ವಾಡೆಯ ಮುಖಂಡರಾದ ಗುರ್ಕಾರರಿಗೆ. ಕೆಂಪುಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ಮಾಡು, ಮಂಗಳೂರು ಹೆಂಚು ಇರುವ ಇಗರ್ಜಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಘಟ್ಟದ ಮೇಲಿನ ಕಲ್ಲು, ಇಟ್ಟಿಗೆಯ ಚರ್ಚುಗಳಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಮೊದಲ ಹೆಜ್ಜೆ: ಏನಿದೆ ಎಂದು ಬರೆದಿಡಿ

ಒಂದು ಮೊಳೆ ಕೀಳುವ ಮೊದಲು ಇಡೀ ಕಟ್ಟಡದ ದಾಖಲೆ ಆಗಬೇಕು. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಕೆಥೆಡ್ರಲ್‌ನ ಮಾಡು ಸುಟ್ಟುಹೋದಾಗ, ಅದಕ್ಕೂ ವರ್ಷಗಳ ಹಿಂದೆ ಆಂಡ್ರ್ಯೂ ಟ್ಯಾಲನ್ ಎಂಬ ಕಲಾ ಇತಿಹಾಸಕಾರರು ಲೇಸರಿನಿಂದ ತೆಗೆದಿಟ್ಟಿದ್ದ ಅಳತೆಗಳು ಮರುನಿರ್ಮಾಣದವರ ಕೈಗೆ ಸಿಕ್ಕವು. 2024ರ ಡಿಸೆಂಬರಿನಲ್ಲಿ ಅದರ ಬಾಗಿಲು ಮತ್ತೆ ತೆರೆಯಿತು. ನಮ್ಮೂರಿನ ಇಗರ್ಜಿಗೆ ಲೇಸರ್ ಬೇಕಿಲ್ಲ. ಒಳ್ಳೆಯ ಮೊಬೈಲ್, ಅಳತೆ ಟೇಪು, ಒಂದು ದಪ್ಪ ನೋಟ್‌ಬುಕ್ ಸಾಕು.

ಪ್ರತಿ ಗೋಡೆಯನ್ನೂ ನೇರವಾಗಿ ನಿಂತು ಫೋಟೊ ತೆಗೆಯಿರಿ, ಚೌಕಟ್ಟಿನಲ್ಲಿ ಒಂದು ಅಳತೆಪಟ್ಟಿ ಇರಲಿ. ಸಂಜೆ ದೀಪಗಳನ್ನೆಲ್ಲ ಆರಿಸಿ ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಅಡ್ಡಲಾಗಿ ಹಿಡಿದರೆ, ಹಗಲಲ್ಲಿ ಕಾಣದ ಉಬ್ಬು, ಬಿರುಕು, ಬಣ್ಣದ ಎದ್ದ ಸಿಪ್ಪೆ ಎಲ್ಲ ನೆರಳು ಬಿಟ್ಟುಕೊಂಡು ಎದ್ದು ಕಾಣುತ್ತವೆ. ಬಿರುಕಿನ ಎರಡು ತುದಿಗಳಿಗೆ ಪೆನ್ಸಿಲ್ ಗುರುತು ಹಾಕಿ ದಿನಾಂಕ ಬರೆಯಿರಿ. ಮುಂದಿನ ವರ್ಷ ಬಿರುಕು ಆ ಗುರುತನ್ನು ದಾಟಿದ್ದರೆ ಅದು ಇನ್ನೂ ಜೀವಂತವಾಗಿದೆ ಎಂದರ್ಥ. ಅಡಿಪಾಯ ನೋಡದೆ ಬರೀ ಮೇಲಿಂದ ಮೆತ್ತಿ ಪ್ರಯೋಜನವಿಲ್ಲ.

ಪ್ರತಿಮೆ, ಚಿತ್ರ, ಕಾಲಿಸ್ (ಪೂಜೆಯ ದ್ರಾಕ್ಷಾರಸದ ಬಟ್ಟಲು), ಮೊನ್‌ಸ್ಟ್ರೆನ್ಸ್ (ಪರಮಪ್ರಸಾದವನ್ನು ಆರಾಧನೆಗಿಡುವ ಪಾತ್ರೆ), ಗಂಟೆ, ಹಳೆಯ ಪೂಜಾವಸ್ತ್ರ, ಬೆಂಚು ಪ್ರತಿಯೊಂದಕ್ಕೂ ಒಂದು ನಂಬರು ಕೊಡಿ. ಅಳತೆ, ಯಾವ ವಸ್ತು, ಎಲ್ಲಿದೆ, ಎಲ್ಲಿ ಮುಕ್ಕಾಗಿದೆ ಎಂದು ಬರೆಯಿರಿ. ಇದು ನಾನು ಹುಟ್ಟುಹಾಕಿದ ನಿಯಮವಲ್ಲ. 1983ರ ಕಥೋಲಿಕ ಚರ್ಚ್ ಕಾನೂನಿನ 1283ನೇ ವಿಧಿ ಇಂಥ ಪಟ್ಟಿಯನ್ನು ಕೇಳುತ್ತದೆ; ಒಂದು ಪ್ರತಿ ಸ್ಥಳದಲ್ಲಿ, ಇನ್ನೊಂದು ಧರ್ಮಪ್ರಾಂತ್ಯದ ಕಚೇರಿಯಲ್ಲಿ ಇರಬೇಕು. ಕಳವಾದಾಗ ಪೊಲೀಸರು ಮೊದಲು ಕೇಳುವುದೂ ಫೋಟೊವನ್ನೇ.

ಹೆಂಚಿನ ಮೇಲೆ 1865 ಎಂದಿದೆ, ಹಾಗಾಗಿ ಮಾಡು 1865ರದ್ದು ಎಂದು ಸ್ಮರಣ ಸಂಚಿಕೆಯಲ್ಲಿ ಬರೆದುಬಿಡುವವರಿದ್ದಾರೆ. ಅದು ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ. ಆಮೇಲೆ ಸುಟ್ಟ ಹೆಂಚುಗಳ ಮೇಲೂ ಅದೇ ಮುದ್ರೆ ಬಿದ್ದಿದೆ.

ಎರಡನೆಯದು: ಯಾರ ಒಪ್ಪಿಗೆ ಬೇಕು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಬಿಡುವಂತಿಲ್ಲ. ಪುರಾತನವಾದ, ಕಲೆಯ ದೃಷ್ಟಿಯಿಂದ ಬೆಲೆಯುಳ್ಳ, ಅಥವಾ ಜನ ವಿಶೇಷವಾಗಿ ಪೂಜಿಸುವ ಪ್ರತಿಮೆ-ಚಿತ್ರಗಳನ್ನು ದುರಸ್ತಿ ಮಾಡಲು ಬಿಷಪರ ಲಿಖಿತ ಅನುಮತಿ ಬೇಕು. ಅವರೂ ತಜ್ಞರನ್ನು ಕೇಳಿಯೇ ಕೊಡಬೇಕು (ವಿಧಿ 1189). ಕಲೆ, ಚರಿತ್ರೆಯ ದೃಷ್ಟಿಯಿಂದ ಅಮೂಲ್ಯವಾದ ವಸ್ತುವನ್ನು ಪರಭಾರೆ ಮಾಡಲು ವ್ಯಾಟಿಕನ್ನಿನ ಒಪ್ಪಿಗೆಯೇ ಬೇಕು (ವಿಧಿ 1292). ಹಳೆಯ ಬಲಿಪೀಠವನ್ನು ಆಂಟಿಕ್ ವ್ಯಾಪಾರಿಗೆ ಕೊಟ್ಟು ಹೊಸದು ಮಾಡಿಸೋಣ ಎಂಬ ಸಲಹೆ ಬಂದಾಗ ಈ ಎರಡು ವಿಧಿಗಳನ್ನು ಓದಿಹೇಳಿ.

ದೇಶದ ಕಾನೂನೂ ಇದೆ. ನೂರು ವರ್ಷ ದಾಟಿದ ಶಿಲ್ಪ, ಚಿತ್ರಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಆನೆದಂತದ ಶಿಲುಬೆ, ಪ್ರತಿಮೆಗಳಿದ್ದರೆ ಅವನ್ನು ಮಾರುವ ಮಾತೇ ಇಲ್ಲ, ಅದಕ್ಕೆ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ನಿಮ್ಮ ಚರ್ಚಿನ ಪಕ್ಕದಲ್ಲಿ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕವಿದ್ದರೆ ಅದರ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಹೊಸ ಹಾಲ್ ಕಟ್ಟುವ ಯೋಚನೆ ಇರುವವರು ಇದನ್ನು ಮೊದಲೇ ವಿಚಾರಿಸಿ.

ಮೂರನೆಯದು: ನೀರನ್ನು ಹೊರಗೆ ಕಳಿಸಿ

ದುಡ್ಡು ಒಂದೇ ಕೆಲಸಕ್ಕೆ ಸಾಲುವುದಾದರೆ ಈ ಕೆಲಸ ಮಾಡಿ, ಉಳಿದದ್ದೆಲ್ಲ ಕಾಯಲಿ. ವರ್ಷಕ್ಕೆ ಮೂರೂವರೆ-ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ಒಳಗಿನ ಚಿತ್ರಕ್ಕೆ ಎಷ್ಟು ಖರ್ಚು ಮಾಡಿದರೂ ಮಾಡು ಸೋರುತ್ತಿದ್ದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಸೋರುವ ಜಾಗ ಹುಡುಕಲು ಜೂನ್ ತಿಂಗಳ ಜೋರು ಮಳೆಯಲ್ಲೇ ಅಟ್ಟ ಹತ್ತಬೇಕು. ಬೇಸಿಗೆಯಲ್ಲಿ ಕಾಣುವುದು ಒಣಗಿದ ಕಲೆ ಮಾತ್ರ, ನೀರು ಎಲ್ಲಿಂದ ಹೊರಟಿತು ಎಂಬುದು ಕಾಣುವುದಿಲ್ಲ. ಹೆಂಚು ಒಡೆದ ಕಡೆಗಿಂತ ಹೆಚ್ಚು ತೊಂದರೆ ಕೊಡುವುದು ಎರಡು ಜಾಗ. ಒಂದು, ಗಂಟೆಗೋಪುರದ ಗೋಡೆಗೆ ಮಾಡು ಬಂದು ಸೇರುವ ಸಂದು. ಎರಡು, ಎರಡು ಮಾಡುಗಳು ಕೂಡುವ ಕಣಿವೆಯಂಥ ಓಣಿ. ಅಲ್ಲಿ ಎಲೆ, ಪಾರಿವಾಳದ ಗೂಡು, ಕಳೆದ ವರ್ಷ ಯಾರೋ ಬಿಟ್ಟುಹೋದ ಒಡೆದ ಹೆಂಚಿನ ಚೂರು ಕೂತು ನೀರು ಕಟ್ಟುತ್ತದೆ. ಕಟ್ಟಿದ ನೀರು ಹಿಂದಕ್ಕೆ ಹತ್ತಿ ಗೋಡೆಯ ತಲೆಯೊಳಗೆ ಇಳಿಯುತ್ತದೆ. ಅಲ್ಲಿಂದ ಕೆಳಗಿನ ಪಕ್ಕಾಸಿನ (ಮಾಡು ಹೊರುವ ಇಳಿಜಾರು ಮರದ) ತುದಿ ಕೊಳೆಯಲು ಒಂದೆರಡು ಮಳೆಗಾಲ ಸಾಕು. ಪಕ್ಕಾಸು ಗೋಡೆಯಲ್ಲಿ ಹುದುಗಿರುವ ಕಡೆ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಗಟ್ಟಿ ಮರ ಬಿಡುವುದಿಲ್ಲ, ಕೊಳೆತದ್ದು ಕೇಕಿನಂತೆ ಒಳಗೆ ಬಿಡುತ್ತದೆ.

ಗೋಪುರದಲ್ಲಿ, ಗೋಡೆಯ ಸಂದಿನಲ್ಲಿ ಬೆಳೆದ ಅಶ್ವತ್ಥ, ಗೋಳಿಯ ಗಿಡಗಳನ್ನು ಕೈಯಿಂದ ಜಗ್ಗಿ ಕೀಳಬೇಡಿ. ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡದಲ್ಲಿ ಕತ್ತರಿಸಿ, ಉಳಿದ ಬೇರಿಗೆ ಕಳೆನಾಶಕ ಹಚ್ಚಿ ಸಾಯಲು ಬಿಟ್ಟು, ಸತ್ತ ಮೇಲೆ ಬಿಡಿಸಿ ಸಂದನ್ನು ಗಾರೆಯಿಂದ ತುಂಬಿ.

ಆಮೇಲೆ ಕೆಳಗೆ ಬನ್ನಿ. ಗೋಡೆಯ ಬುಡದಿಂದ ನೀರು ದೂರ ಹರಿಯುತ್ತದೆಯೇ? ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ ಚರ್ಚುಗಳಲ್ಲಿ ನೆಲ ಆರೆಂಟು ಇಂಚು ಎತ್ತರವಾಗಿ, ಹಳೆಯ ಪಂಚಾಂಗವೇ (ಗೋಡೆ ನಿಂತಿರುವ ಎತ್ತರಿಸಿದ ತಳಕಟ್ಟು) ಹೂತುಹೋಗಿರುತ್ತದೆ. ಮೊದಲು ಮಣ್ಣು ಕುಡಿಯುತ್ತಿದ್ದ ನೀರು ಈಗ ಗೋಡೆಯ ಕಡೆ ತಿರುಗುತ್ತದೆ. ಗೋಡೆಯ ಸುತ್ತ ಒಂದು ಮೀಟರ್ ಅಗಲಕ್ಕೆ ಇಂಟರ್‌ಲಾಕ್ ತೆಗೆಸಿ, ಜಲ್ಲಿ ತುಂಬಿದ ಚರಂಡಿ ಮಾಡಿಸಿ, ಇಳಿಜಾರು ಹೊರಮುಖವಾಗಿರಲಿ. ನೋಡಲು ಏನೂ ಇಲ್ಲದ ಕೆಲಸ ಇದು, ಇದಕ್ಕೆ ದಾನಿ ಸಿಗುವುದು ಕಷ್ಟ. ಆದರೂ ಇದೇ ಮುಖ್ಯ.

ನಾಲ್ಕನೆಯದು: ಗೋಡೆಗೆ ಸುಣ್ಣ, ಸಿಮೆಂಟ್ ಅಲ್ಲ

ಹಳೆ ಗೋವಾದ ಬೋಮ್ ಜೀಸಸ್ ಬೆಸಿಲಿಕಾ ನೋಡಿದವರಿಗೆ ಅದರ ಕೆಂಪು ಗೋಡೆ ನೆನಪಿರುತ್ತದೆ. ಹತ್ತಿರದ ಸೆ ಕೆಥೆಡ್ರಲ್, ಸೇಂಟ್ ಕಜೆತಾನ್ ಎಲ್ಲ ಬೆಳ್ಳಗಿರುವಾಗ ಇದೇಕೆ ಹೀಗೆ? 1594ರಲ್ಲಿ ಕಟ್ಟಲು ಶುರುಮಾಡಿ 1605ರಲ್ಲಿ ಪ್ರತಿಷ್ಠೆಗೊಂಡ ಈ ಇಗರ್ಜಿಗೂ ಸುಣ್ಣದ ಸಾರಣೆ ಇತ್ತು. 1950ರ ದಶಕದಲ್ಲಿ, ಪೋರ್ಚುಗೀಸರ ಕಾಲದ ಕೊನೆಯಲ್ಲಿ, ಕಲ್ಲು ಕಾಣಲಿ ಎಂದು ಅದನ್ನು ಕೆತ್ತಿ ತೆಗೆದರು. ಅಂದಿನಿಂದ ಬರಿಮೈ ಕೆಂಪುಕಲ್ಲು ಗೋವಾದ ಮಳೆಗೆ ಒಡ್ಡಿಕೊಂಡು ನಿಂತಿದೆ, ಸವೆಯುತ್ತಲೂ ಇದೆ. ಯುನೆಸ್ಕೋ ಪಟ್ಟಿಯಲ್ಲಿ 1986ರಿಂದ ಇರುವ ಕಟ್ಟಡಕ್ಕೇ ಈ ಗತಿ. ಹಳೆಯ ಕಲ್ಲಿನ ಸೌಂದರ್ಯ ತೋರಿಸಲು ಸಾರಣೆ ತೆಗೆಸುವ ಫ್ಯಾಷನ್ ಈಗ ರೆಸಾರ್ಟುಗಳಿಂದ ಚರ್ಚುಗಳಿಗೂ ಬರುತ್ತಿದೆ. ದಯವಿಟ್ಟು ಬೇಡ. ಕೆಂಪುಕಲ್ಲಿನ ತೂತುಗಳಲ್ಲಿ ಮೆತ್ತನೆಯ ಜೇಡಿ ಇರುತ್ತದೆ, ಮಳೆ ಅದನ್ನು ಮೊದಲು ತೊಳೆಯುತ್ತದೆ, ಆಮೇಲೆ ಕಲ್ಲು ಪುಡಿಯಾಗುತ್ತದೆ. ಸಾರಣೆ ಅದರ ಮೈಮೇಲಿನ ಅಂಗಿ.

ಹಾಗಾದರೆ ಸಿಮೆಂಟ್ ಸಾರಣೆ ಆಗದೇ? ಮೇಸ್ತ್ರಿ ಹೇಳುವ ಮಾತು ನಿಮಗೆ ಗೊತ್ತೇ ಇರುತ್ತದೆ: "ಫಾದರ್, ಸುಣ್ಣ ಎಲ್ಲ ಈಗ ಯಾರು ಮಾಡ್ತಾರೆ? ಸಿಮೆಂಟ್ ಹೊಡೆದ್ರೆ ಐವತ್ತು ವರ್ಷ ಏನೂ ಆಗ್ಲಿಕ್ಕಿಲ್ಲ." ಸಿಮೆಂಟಿಗೆ ಏನೂ ಆಗಲಿಕ್ಕಿಲ್ಲ, ನಿಜ. ಆಗುವುದು ಅದರ ಹಿಂದಿನ ಗೋಡೆಗೆ. ಹಳೆಯ ಗೋಡೆ ನೆಲದಿಂದ, ಮಳೆಯಿಂದ ತೇವ ಎಳೆದುಕೊಳ್ಳುತ್ತದೆ, ಬಿಸಿಲಿಗೆ ಮೇಲ್ಮೈಯಿಂದ ಬಿಡುತ್ತದೆ. ಸುಣ್ಣದ ಸಾರಣೆ ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟ್ ಮುಚ್ಚಿದರೆ ತೇವ ಒಳಗೇ ಉಳಿದು ಇನ್ನೂ ಮೇಲೆ ಹತ್ತುತ್ತದೆ, ಒಳಬದಿಯಲ್ಲಿ ಚಿತ್ರವೋ ಬಲಿಪೀಠವೋ ಇರುವ ಕಡೆ ಹೊರಬೀಳುತ್ತದೆ, ಜೊತೆಗೆ ಉಪ್ಪನ್ನೂ ತರುತ್ತದೆ. ಮೇಲಾಗಿ ಸಿಮೆಂಟ್ ಕಲ್ಲಿಗಿಂತ ಗಟ್ಟಿ. ಕಿತ್ತು ಬರುವಾಗ ಕಲ್ಲಿನ ಮುಖವನ್ನೂ ಕಿತ್ತುಕೊಂಡೇ ಬರುತ್ತದೆ. ಹೊರಗೋಡೆಯ ಪ್ಲಾಸ್ಟಿಕ್ ಎಮಲ್ಷನ್ ಬಣ್ಣಕ್ಕೂ ಇದೇ ಮಾತು. ಅದು ಗುಳ್ಳೆ ಎದ್ದಿರುವ ಕಡೆ ಬೆರಳಿಂದ ಒತ್ತಿ ನೋಡಿದರೆ ಒಳಗಿಂದ ನೀರು ಜಿನುಗಿದ್ದನ್ನು ನೀವೂ ಕಂಡಿರಬಹುದು.

ಸುಣ್ಣದ ಕೆಲಸ ಹೀಗೆ ಮಾಡಿಸಿ. ಸುಟ್ಟ ಸುಣ್ಣವನ್ನು (ಕರಾವಳಿಯಲ್ಲಿ ಚಿಪ್ಪಿನದು, ಒಳನಾಡಿನಲ್ಲಿ ಕಲ್ಲಿನದು) ತೊಟ್ಟಿಯಲ್ಲಿ ನೀರಿಗೆ ಹಾಕಿ ಅರಳಿಸಿ. ಆಗ ಅದು ಕುದಿಯುತ್ತದೆ. ಕನ್ನಡಕ, ಗ್ಲೌಸ್ ಇಲ್ಲದೆ ಯಾರೂ ಹತ್ತಿರ ಹೋಗಬಾರದು, ಮಕ್ಕಳನ್ನಂತೂ ಆ ಕಡೆ ಬಿಡಬಾರದು. ಅರಳಿದ್ದನ್ನು ಜಾಲರಿಯಲ್ಲಿ ಸೋಸಿ, ಮೇಲೆ ಸದಾ ನೀರು ನಿಂತಿರುವಂತೆ ನೋಡಿಕೊಂಡು ಎರಡು-ಮೂರು ತಿಂಗಳು ಕೊಳೆಹಾಕಿ. ಬೆಣ್ಣೆಯಂತಾದ ಆ ಸುಣ್ಣ ಒಂದು ಪಾಲು, ಉಪ್ಪಿಲ್ಲದ ಹೊಳೆಮರಳು ಮೂರು ಪಾಲು. ತೇವ ಹೆಚ್ಚಿರುವ ಕಡೆ ಮರಳಿನ ಒಂದು ಭಾಗಕ್ಕೆ ಬದಲು ಸುರ್ಕಿ, ಅಂದರೆ ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿ ಸೇರಿಸಬಹುದು. ಹಳಬರು ಅಳಲೆಕಾಯಿ, ಬೆಲ್ಲ ಕೊಳೆಸಿದ ನೀರು ಹಾಕುತ್ತಿದ್ದರು. ಗೊತ್ತಿರುವ ಕೈ ಇದ್ದರೆ ಹಾಕಿ, ಇಲ್ಲದಿದ್ದರೆ ಅಂದಾಜಿನಲ್ಲಿ ಬೆಲ್ಲ ಸುರಿದು ಇರುವೆಗಳನ್ನು ಕರೆಯಬೇಡಿ.

ಗೋಡೆಯನ್ನು ಚೆನ್ನಾಗಿ ನೆನೆಸಿ, ಒಂದು ಸೆಂಟಿಮೀಟರಿಗಿಂತ ದಪ್ಪವಾಗದಂತೆ ಪದರ ಪದರವಾಗಿ ಹಾಕಿಸಿ. ಬಿಸಿಲು ತಾಗದಂತೆ ಒದ್ದೆ ಗೋಣಿತಾಟು ಇಳಿಬಿಡಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗಬೇಕು, ಅದಕ್ಕೆ ತಿಂಗಳುಗಳು ಬೇಕು. ಆದ್ದರಿಂದ ಸೆಪ್ಟೆಂಬರಿನ ಮೊಂತಿ ಹಬ್ಬ ಮುಗಿದು ಮಳೆ ಹಿಂದಾದ ಮೇಲೆ ಶುರುಮಾಡಿ ಫೆಬ್ರವರಿಯೊಳಗೆ ಮುಗಿಸಿ. ಮೇ ತಿಂಗಳಲ್ಲಿ ಹಾಕಿದ ಸುಣ್ಣವನ್ನು ಜೂನ್ ತಿಂಗಳ ಮಳೆ ತೊಳೆದುಕೊಂಡು ಹೋಗುತ್ತದೆ, ಆಮೇಲೆ ಊರವರೆಲ್ಲ ಸುಣ್ಣವನ್ನೇ ಬೈಯುತ್ತಾರೆ.

ಐದನೆಯದು: ಚಿತ್ರಗಳಿದ್ದರೆ, ಕೈ ಕಟ್ಟಿಕೊಂಡು ನಿಲ್ಲಿ

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ಒಳಗೆ ಒಮ್ಮೆ ತಲೆಯೆತ್ತಿ ನೋಡಿ. ಇಟಲಿಯ ಬೆರ್ಗಾಮೊ ಕಡೆಯ ಯೇಸುಸಭೆಯ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಅಲ್ಲಿಯ ಗೋಡೆ, ಕಮಾನು, ಮಾಳಿಗೆ ಯಾವುದನ್ನೂ ಬಿಡದೆ ಬಣ್ಣ ತುಂಬಿದರು. ಅಲ್ಲಿ ಹಸಿ ಗಾರೆಯ ಮೇಲಿನ ಫ್ರೆಸ್ಕೊಗಳೂ ಇವೆ, ಕ್ಯಾನ್ವಾಸಿನ ಮೇಲಿನ ತೈಲವರ್ಣಗಳೂ ಇವೆ. ಹೊರಗಿನಿಂದ ಎರಡೂ ಒಂದೇ ಥರ ಕಂಡರೂ ಅವುಗಳ ಆರೈಕೆ ಪೂರ್ತಿ ಬೇರೆ. ಫ್ರೆಸ್ಕೊದಲ್ಲಿ ಬಣ್ಣವನ್ನು ಹಿಡಿದಿರುವುದು ಸುಣ್ಣವೇ, ಗೋಡೆಯೇ ಚಿತ್ರ. ಅದರ ಶತ್ರು ಹಿಂದಿನಿಂದ ಬರುವ ತೇವ ಮತ್ತು ಉಪ್ಪು. ತೈಲವರ್ಣದಲ್ಲಿ ಬಟ್ಟೆ, ಅದರ ಮೇಲಿನ ಅಂಟು, ಎಣ್ಣೆ ಬಣ್ಣ, ವಾರ್ನಿಷ್ ಒಂದೊಂದೂ ಸೆಖೆಗೆ, ಮಳೆಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. 1990ರ ದಶಕದಲ್ಲಿ ಕಲೆ, ಪರಂಪರೆಯ ರಕ್ಷಣೆಗಾಗಿ ಇರುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಅಲ್ಲಿ ವರ್ಷಗಟ್ಟಲೆ ಕೂತು ಈ ಚಿತ್ರಗಳನ್ನು ಸಂರಕ್ಷಿಸಿದರು. ಒಂದು ಬೇಸಿಗೆ ರಜೆಯಲ್ಲಿ ಮುಗಿಯುವ ಕೆಲಸ ಅಲ್ಲ ಎನ್ನಲು ಇದು ಸಾಕು.

ಇದಕ್ಕೆ ಉಲ್ಟಾ ಉದಾಹರಣೆ ಸ್ಪೇನಿನ ಬೋರ್ಹಾ ಎಂಬ ಪುಟ್ಟ ಊರಿನದು. ಅಲ್ಲಿಯ ದೇವಾಲಯದ ಗೋಡೆಯಲ್ಲಿದ್ದ, ಮುಳ್ಳಿನ ಕಿರೀಟ ಧರಿಸಿದ ಕ್ರಿಸ್ತನ ಚಿತ್ರ ತೇವಕ್ಕೆ ಸಿಪ್ಪೆ ಏಳುತ್ತಿತ್ತು. ಇಗರ್ಜಿಯ ಮೇಲೆ ಬಹಳ ಪ್ರೀತಿಯಿದ್ದ ವೃದ್ಧೆಯೊಬ್ಬರು 2012ರಲ್ಲಿ ತಾವೇ ಬ್ರಷ್ ಹಿಡಿದರು. ಫಲಿತಾಂಶವನ್ನು ಇಡೀ ಜಗತ್ತು ಮೊಬೈಲಿನಲ್ಲಿ ನೋಡಿ ನಕ್ಕಿತು. ನನಗೆ ನಗು ಬರಲಿಲ್ಲ. ಗೋಡೆಯ ತೇವ ನಿಲ್ಲಿಸಬೇಕಾದ ಕಡೆ ಬಣ್ಣದ ಡಬ್ಬಿ ತೆರೆದರು. ಇದು ನಮ್ಮ ಚರ್ಚುಗಳಲ್ಲೂ ನಡೆಯುತ್ತಿದೆ, ಸುದ್ದಿಯಾಗುತ್ತಿಲ್ಲ ಅಷ್ಟೆ.

ಸಮಿತಿಯವರು ಮಾಡಬಹುದಾದದ್ದು ಇಷ್ಟು. ಬಣ್ಣ ಗಟ್ಟಿಯಾಗಿ ಕೂತಿದೆ ಎಂದು ಖಾತ್ರಿಯಿದ್ದರೆ ಮಾತ್ರ, ಮೆತ್ತನೆಯ ಕೂದಲಿನ ಬ್ರಷ್ಷಿನಿಂದ ಮೇಲಿನ ಧೂಳು ತೆಗೆಯಬಹುದು. ಸಿಪ್ಪೆ ಎದ್ದಿದ್ದರೆ ಅದೂ ಬೇಡ. ಬಿದ್ದ ಚೂರುಗಳನ್ನು ಗುಡಿಸದೆ ಒಂದು ಡಬ್ಬಿಯಲ್ಲಿ ಹಾಕಿ, ಎಲ್ಲಿ ಬಿದ್ದದ್ದು ಎಂದು ಬರೆದಿಡಿ. ಒದ್ದೆ ಬಟ್ಟೆ, ಸಾಬೂನು, ಆಲೂಗಡ್ಡೆ, ಬ್ರೆಡ್ಡು, ಸ್ಪಿರಿಟ್ ಯಾವುದೂ ಸಲ್ಲ. ವಾಟ್ಸ್ಯಾಪ್‌ನಲ್ಲಿ ಬರುವ ಇಂಥ ಮನೆಮದ್ದುಗಳು ಅಡುಗೆಮನೆಯ ಟೈಲ್ಸಿಗೆ ಸರಿ. ಚಿತ್ರದ ಕೆಳಗೆ ಸಾಲು ಮೇಣದ ಬತ್ತಿ ಹಚ್ಚುವ ಕಟ್ಟೆಯಿದ್ದರೆ ಅದನ್ನು ಗಾಳಿಯಾಡುವ ಬೇರೆ ಜಾಗಕ್ಕೆ ಸಾಗಿಸಿ. ಭಾನುವಾರ ಎರಡು ಗಂಟೆ ಎಸಿ ಹಾಕಿ ಉಳಿದ ದಿನ ಮುಚ್ಚಿಡುವ ಪದ್ಧತಿ ಚಿತ್ರಕ್ಕೆ ಅತ್ಯಂತ ಕೆಟ್ಟದ್ದು. ಎತ್ತರದ ಕಿಟಕಿಗಳಿಗೆ ಜಾಲರಿ ಹಾಕಿ ಗಾಳಿ ಆಡಲು ಬಿಡುವುದೇ ಮೇಲು. ದೀಪ ಹಾಕುವುದಾದರೆ ಎಲ್‌ಇಡಿ, ಅದೂ ದೂರದಿಂದ. ತೈಲಚಿತ್ರದ ಮೇಲೆ ಬೀಳುವ ಬೆಳಕು 200 ಲಕ್ಸ್ (ಬೆಳಕಿನ ಅಳತೆ) ಮೀರಬಾರದು ಎಂಬುದು ವಸ್ತುಸಂಗ್ರಹಾಲಯಗಳ ಲೆಕ್ಕ.

ಆರನೆಯದು: ಪ್ರತಿಮೆ, ಬಲಿಪೀಠ, ಚಿನ್ನದ ರೇಕು

ನೂರಿನ್ನೂರು ವರ್ಷದ ಮರದ ಪ್ರತಿಮೆಯ ಮೈಯನ್ನು ಹತ್ತಿರದಿಂದ, ಮುಕ್ಕಾದ ಕಡೆ ಭೂತಗನ್ನಡಿ ಹಿಡಿದು ನೋಡಿ. ಎಲ್ಲಕ್ಕಿಂತ ಮೇಲೆ ದಪ್ಪ ಎನಾಮೆಲ್, ಹಬ್ಬಕ್ಕೊಂದರಂತೆ ಹೊಡೆದದ್ದು. ಅದರಡಿ ಇನ್ನೊಂದು ನೀಲಿ, ಅದರಡಿ ಕರಿಹಿಡಿದ ವಾರ್ನಿಷ್. ಅದಕ್ಕೂ ಕೆಳಗೆ ಮೂಲದ ಬಣ್ಣ. ಮಾತೆಯ ಮೇಲುವಸ್ತ್ರದಲ್ಲಾದರೆ ಚಿನ್ನದ ರೇಕಿನ ಮೇಲೆ ಬಣ್ಣ ಬಳಿದು, ಆ ಬಣ್ಣವನ್ನು ಕಡ್ಡಿಯಿಂದ ಗೀರಿ ಹೂಬಳ್ಳಿಯ ಚಿನ್ನದ ಗೆರೆ ಹೊಳೆಯಿಸಿದ ಕುಸುರಿಯೂ ಇರಬಹುದು. ರೇಕಿನಡಿ ಕೆಂಪು ಜೇಡಿ, ಅದರಡಿ ಸೀಮೆಸುಣ್ಣದ ಪುಡಿ ಮತ್ತು ಸರೇಸಿನ (ಚರ್ಮ, ಮೂಳೆಯ ಅಂಟಿನ) ಬಿಳಿ ಲೇಪ, ಕೊನೆಗೆ ಮರ. ಪೇಂಟರ್ ಹೊಸ ಬಣ್ಣ ಹಿಡಿಯಲಿ ಎಂದು ಉಪ್ಪುಕಾಗದ ಹಾಕಿ ಉಜ್ಜಿದ ಹತ್ತು ನಿಮಿಷದಲ್ಲಿ ಇಷ್ಟೂ ಪದರ ಧೂಳಾಗುತ್ತದೆ.

ಚಿನ್ನದ ರೇಕಿಗೆ ನೀರು ತಾಗಿಸಬೇಡಿ. ಸರೇಸು ನೀರಿಗೆ ಕರಗುತ್ತದೆ, ಒದ್ದೆ ಬಟ್ಟೆಗೆ ಚಿನ್ನವೇ ಬರುತ್ತದೆ. ಮುಕ್ಕಾದ ಕಡೆ ಅಂಗಡಿಯ ಗೋಲ್ಡ್ ಪೇಂಟ್ ಹಚ್ಚಿದರೆ ಅದು ಹಿತ್ತಾಳೆಯ ಪುಡಿ, ಕೆಲವೇ ವರ್ಷಗಳಲ್ಲಿ ಕಂದಾಗಿ ಪಕ್ಕದ ನಿಜ ಚಿನ್ನದ ಎದುರು ಕಲೆಯಂತೆ ಕಾಣುತ್ತದೆ.

ಮರದಲ್ಲಿ ತೂತು ಕಂಡರೆ ಗಾಬರಿ ಬೇಡ, ಹಳೆಯ ತೂತುಗಳೂ ಇರುತ್ತವೆ. ಬುಡದಲ್ಲಿ ಕಪ್ಪು ಕಾಗದ ಹಾಸಿ ಎರಡು ವಾರ ಬಿಡಿ. ಹೊಸದಾಗಿ ಬಿಳಿ ಪುಡಿ ಉದುರಿದ್ದರೆ ಹುಳ ಒಳಗೆ ಕೆಲಸ ಮಾಡುತ್ತಿದೆ. ಆ ಪ್ರತಿಮೆಯನ್ನು ಉಳಿದವುಗಳಿಂದ ಬೇರೆ ಇಟ್ಟು ತಜ್ಞರಿಗೆ ತಿಳಿಸಿ. ಪ್ಲಾಸ್ಟಿಕ್ಕಿನಲ್ಲಿ ಗಾಳಿಬಿಗಿಯಾಗಿ ಸುತ್ತಿ ಆಮ್ಲಜನಕ ತೆಗೆದು ಹುಳ ಸಾಯಿಸುವ ವಿಧಾನ ಅವರಿಗೆ ಗೊತ್ತಿದೆ. ಸೀಮೆಎಣ್ಣೆ ಸುರಿಯುವುದು ಹುಳಕ್ಕಿಂತ ಬಣ್ಣಕ್ಕೆ ಅಪಾಯ, ಬೆಂಕಿಯ ಭಯ ಬೇರೆ.

ಹಬ್ಬದ ಅಲಂಕಾರದವರಿಗೂ ಒಂದು ಮಾತು ಹೇಳಿಡಿ: ಬಲಿಪೀಠಕ್ಕೆ ಮೊಳೆ ಇಲ್ಲ, ಗಮ್ ಟೇಪ್ ಇಲ್ಲ, ನೀರು ತುಂಬಿದ ಹೂದಾನಿ ಮರದ ಮೇಲೆ ನೇರವಾಗಿ ಇಡುವಂತಿಲ್ಲ. ಬಟ್ಟೆ, ಥರ್ಮೋಕೋಲ್ ಕಟ್ಟಲು ಅದರ ಮುಂದೆ ಸ್ವಂತ ಕಾಲ ಮೇಲೆ ನಿಲ್ಲುವ ಕಬ್ಬಿಣದ ಚೌಕಟ್ಟು ಒಮ್ಮೆ ಮಾಡಿಸಿಟ್ಟರೆ ಪ್ರತಿ ವರ್ಷಕ್ಕೂ ಆಯಿತು. ಸೀರಿಯಲ್ ಲೈಟಿನ ವಯರು ಹಳೆಯ ಮರದ ಸಂದಿನಲ್ಲಿ ತೂರಿಸುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ. ಹಳೆಯ ವಯರಿಂಗ್ ಬದಲಾಯಿಸಿ, ಗೋಪುರಕ್ಕೆ ಸಿಡಿಲು ತಂತಿ ಹಾಕಿಸಿ, ಅಟ್ಟದಲ್ಲಿ ಹಳೇ ಬೆಂಚು, ಕ್ರಿಸ್ಮಸ್ ಗೋದಲಿಯ ಒಣಹುಲ್ಲು ಪೇರಿಸಬೇಡಿ.

ಪೂಜಾವಸ್ತ್ರಗಳನ್ನು ಮಡಚದೆ, ಗಂಜಿ ಹಾಕದ ತೊಳೆದ ಹತ್ತಿ ಬಟ್ಟೆಯೊಂದಿಗೆ ಉರುಳೆಗೆ ಸುತ್ತಿಡಿ. ಜ್ಞಾನಸ್ನಾನದ ಹಳೆಯ ರಿಜಿಸ್ಟರುಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಹರಿದದ್ದಕ್ಕೆ ಸೆಲ್ಲೋಟೇಪ್ ಬೇಡ. ಪುಟಪುಟ ಫೋಟೊ ತೆಗೆದು ಮೂಲವನ್ನು ಒಣ ಕಪಾಟಿನಲ್ಲಿಡಿ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿರುವಂಥ ಬಣ್ಣದ ಗಾಜಿನ ಕಿಟಕಿಗಳು ನಿಮ್ಮಲ್ಲಿದ್ದರೆ, ಗಾಜು ಹಿಡಿದಿರುವ ಸೀಸದ ಪಟ್ಟಿ ಬಾಗಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿ. ಬಿರುಕಿಗೆ ಎಂ-ಸೀಲ್ ಮೆತ್ತಬೇಡಿ. ಹೊರಗಿನಿಂದ ರಕ್ಷಣೆಗೆ ಹಾಳೆ ಹಾಕಿಸಿದರೆ ನಡುವೆ ಗಾಳಿಯಾಡಲು ಮೇಲೂ ಕೆಳಗೂ ಸಂದು ಬಿಡಿ.

ಕೊನೆಯದು: ಕೆಲಸ ಯಾರಿಗೆ ಕೊಡುವುದು

ಇಂಟ್ಯಾಕ್ ಸಂಸ್ಥೆಯನ್ನು ಸಂಪರ್ಕಿಸಬಹುದು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅದರ ಕಲಾಕೃತಿ ಸಂರಕ್ಷಣಾ ಕೇಂದ್ರವಿದೆ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯಕ್ಕೆ ಮೈಸೂರಿನಲ್ಲಿ ಪ್ರಾದೇಶಿಕ ಘಟಕವಿದೆ. ಒಳ್ಳೆಯದಾಗಿ ಇಟ್ಟುಕೊಂಡ ಪ್ರತಿಮೆ, ವಸ್ತ್ರ, ಬೆಳ್ಳಿ ಹೇಗಿರುತ್ತವೆ ಎಂದು ಸಮಿತಿಯವರ ಕಣ್ಣಿಗೆ ತೋರಿಸಲು ಹಳೆ ಗೋವಾದ ಸಾಂತಾ ಮೋನಿಕಾ ಮಠದಲ್ಲಿರುವ ಕ್ರೈಸ್ತ ಕಲಾ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಕರೆದುಕೊಂಡು ಹೋಗಿ. ಕೊಟೇಶನ್ ತರುವವರನ್ನು ಮೂರು ಪ್ರಶ್ನೆ ಕೇಳಿ. ನೀವು ಹಾಕುವುದನ್ನು ಮುಂದೆ ಮೂಲಕ್ಕೆ ಹಾನಿಯಾಗದಂತೆ ತೆಗೆಯಬಹುದೇ? ನೀವು ಐದು ವರ್ಷದ ಹಿಂದೆ ಮಾಡಿದ ಕೆಲಸವನ್ನು ಈಗ ಹೋಗಿ ನೋಡಬಹುದೇ? ಏನೇನು ಬಳಸಿದಿರಿ ಎಂದು ಬರೆದು ಫೋಟೊ ಸಮೇತ ಕೊಡುತ್ತೀರಾ? ಮೂರಕ್ಕೂ ಹೌದು ಎನ್ನದವರಿಗೆ ಚಹಾ ಕೊಟ್ಟು ಕಳಿಸಿ.

ಹೌದು ಎಂದವರಿಗೂ ಇಡೀ ಕೆಲಸ ಒಮ್ಮೆಗೇ ಕೊಡಬೇಡಿ. ಪಶ್ಚಿಮದ ಗೋಡೆಯಲ್ಲಿ, ಗಾಳಿಮಳೆ ನೇರವಾಗಿ ಹೊಡೆಯುವ ಕಡೆ, ಒಂದು ಚದರ ಮೀಟರ್ ಮಾದರಿ ಮಾಡಿಸಿ ಒಂದು ಮಳೆಗಾಲ ಕಳೆಯಲಿ. ಜೂಬಿಲಿ ಅಷ್ಟರಲ್ಲಿ ಬಂದುಬಿಟ್ಟರೆ ಪೆಂಡಾಲು ಹಾಕಿ ಹಬ್ಬ ಮಾಡಿ, ಗೋಡೆ ಮುಂದಿನ ವರ್ಷ ಮಾಡಿದರಾಯಿತು. ದಾನಿಗಳ ಹೆಸರಿನ ಗ್ರಾನೈಟ್ ಫಲಕವನ್ನು ಹಳೆಯ ಗೋಡೆಗೆ ಕೊರೆದು ಕೂರಿಸಬೇಡಿ. ಅಂಗಳದಲ್ಲಿ ಶಿಲುಬೆಯ ಪಕ್ಕ ಪ್ರತ್ಯೇಕ ಕಟ್ಟೆ ಕಟ್ಟಿಸಿ ಅದರ ಮೇಲೆ ಹಾಕಿಸಿ. ಪೂಜೆ ಮುಗಿಸಿ ಹೊರಬರುವವರ ಕಣ್ಣಿಗೆ ಅಲ್ಲೇ ಹೆಚ್ಚು ಬೀಳುತ್ತದೆ, ಚರಂಡಿಗೆ ದುಡ್ಡು ಕೊಟ್ಟವರ ಹೆಸರನ್ನು ಎಲ್ಲರಿಗಿಂತ ಮೇಲೆ ಹಾಕಿ.